ಉತ್ತರ ಬರೆದಿಟ್ಟ ಚರ್ಚೆ

ಅಂದು ಭಾನುವಾರ. ಶಾಮನೂರಿನ ಹೊಸ ಬಡಾವಣೆಯ ಒಂದು ಮನೆಯ ಹಾಲಿನಲ್ಲಿ ನಾವು ಏಳು ಜನ ದೊಡ್ಡವರು ಕೂತಿದ್ದೆವು. ನಮ್ಮ ನಾಲ್ಕು ಕುಟುಂಬಗಳ ಆರು ಮಕ್ಕಳನ್ನು ತಾರಸಿಗೆ ಕಳಿಸಿ, ಗಲಾಟೆ ಕೇಳಿಸಬಾರದೆಂದು ಮೆಟ್ಟಿಲ ಬಾಗಿಲು ಹಾಕಿಕೊಂಡಿದ್ದೆವು. ನಾವೆಲ್ಲ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದವರು. ಅವತ್ತು ಒಂದು ತೀರ್ಮಾನ ಆಗಬೇಕಿತ್ತು. ಮಕ್ಕಳು ಕಥೆ ಓದಿ, ಸುತ್ತ ಕೂತು, ತಮಗೆ ಅನ್ನಿಸಿದ್ದನ್ನು ತಾವೇ ಮಾತಾಡುವಂಥ ಸಾಹಿತ್ಯದ ಪಠ್ಯಕ್ರಮವೊಂದನ್ನು ಆರಿಸಬೇಕಿತ್ತು. ಇಂಥದ್ದಕ್ಕೆ ‘ಚರ್ಚೆ ಆಧಾರಿತ’ ಎಂಬ ಹೆಸರಿದೆ. ಎರಡು ಗಂಟೆ ಹತ್ತು ನಿಮಿಷ ಚರ್ಚಿಸಿದೆವು. ಅಷ್ಟರಲ್ಲಿ ಒಂದು ಮಗು ಎರಡು ಸಲ ಬಾಗಿಲು ಬಡಿಯಿತು. ಎರಡು ಸಲವೂ, ದೊಡ್ಡವರು ಮಾತಾಡುವಾಗ ನಡುವೆ ಬರಬಾರದು ಎಂದು ಬುದ್ಧಿ ಹೇಳಿ ಕಳಿಸಿದೆವು. ಅದು ಕೇಳಿದ ನೀರನ್ನು ಕೊಟ್ಟೇ ಕಳಿಸಿದೆವು ಎಂಬುದನ್ನೂ ಹೇಳಬೇಕು.

ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ನಗುವಂಥದ್ದು ಬಹಳ ಇದೆ. ಅದರಲ್ಲಿ ದೊಡ್ಡ ಪಾಲು ನನ್ನದೇ ಆದ್ದರಿಂದ ಬರೆಯುವುದು ನಿಧಾನವಾಗುತ್ತಿದೆ.

ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಎಂಟು ತಿಂಗಳಿಂದ ಅವಳು ಹೊರಗಿನವರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಮಾತಿತ್ತು, ಆದರೆ ಏನನ್ನೇ ಕೇಳಿದರೂ ಬರುತ್ತಿದ್ದ ಉತ್ತರ ಒಂದೇ: ಗೊತ್ತಿಲ್ಲ. ಯಾವ ಬಣ್ಣದ ಅಂಗಿ ಬೇಕು? ಗೊತ್ತಿಲ್ಲ. ದೋಸೆಯೋ ಇಡ್ಲಿಯೋ? ಗೊತ್ತಿಲ್ಲ. ಹಠದ ದನಿಯೂ ಅಲ್ಲ, ಅಳುವಿನದೂ ಅಲ್ಲ. ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು ಊಟದ ವೇಳೆ ಎಂದು ಹೇಳುತ್ತಾರಲ್ಲ, ಹಾಗೆ.

ಇದು ಶುರುವಾದದ್ದು ಶಾಲೆಯ ಒಂದು ಕಿರುಪರೀಕ್ಷೆಯಿಂದ. ಪಾಠ ಒಬ್ಬ ಕುಂಬಾರನದು. ಬಿರುಬೇಸಿಗೆಯಲ್ಲಿ ಮನೆಯಲ್ಲಿದ್ದ ಕೊನೆಯ ಕೊಡ ನೀರನ್ನು ಅವನು ದಾರಿಹೋಕನಿಗೆ ಕೊಡುತ್ತಾನೆ. ಕುಂಬಾರನ ದೊಡ್ಡ ಗುಣವೇನು ಎಂಬುದು ಪ್ರಶ್ನೆ. ಪರೋಪಕಾರ ಎಂದು ಬರೆಯಬೇಕು, ಎರಡು ಅಂಶ ವಿವರಿಸಬೇಕು. ನನ್ನ ಮಗಳು ಹೀಗೆ ಬರೆದಿದ್ದಳು: ಕುಂಬಾರನ ಮಗನಿಗೂ ಬಾಯಾರಿಕೆ ಆಗಿತ್ತು, ಅವನನ್ನು ಯಾರೂ ಕೇಳಲಿಲ್ಲ. ಅವಳ ಟೀಚರು ಅದನ್ನು ತರಗತಿಯ ಮುಂದೆ ಓದಿ, ಈ ಮಹಾರಾಣಿ ಪಾಠದಾಗೆ ಇಲ್ಲದ್ದೆಲ್ಲಾ ಬರ್ದಾಳೆ ನೋಡ್ರಿ ಎಂದರು. ತರಗತಿ ನಕ್ಕಿತು. ಸೊನ್ನೆ ಬಂತು.

ಆ ಶಾಲೆಯಲ್ಲಿ ಇನ್ನೊಂದು ವಿಭಾಗಕ್ಕೆ ಕನ್ನಡ ಕಲಿಸುತ್ತಿದ್ದವಳು ನಾನು. ಎರಡೂ ವಿಭಾಗಗಳಿಗೆ ಮಾದರಿ ಉತ್ತರ ಬರೆದುಕೊಟ್ಟವಳೂ ನಾನೇ. ಆ ಟೀಚರು ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಮೇಜಿನ ಆಚೆಯಿಂದ ಆ ಎರಡು ವಾಕ್ಯಗಳನ್ನು ಓದಿ, ಇದಕ್ಕೆ ಏನಾದರೂ ಕೊಡಲೋ ಬೇಡವೋ ಎಂದು ನನ್ನನ್ನು ಕೇಳಿದ್ದರು. ಮಾದರಿ ಉತ್ತರದಲ್ಲಿ ಇಲ್ಲದ್ದಕ್ಕೆ ಕೊಡೋದು ಬೇಡ ಎಂದಿದ್ದೆ. ಯಾರ ಕಾಗದ ಎಂದು ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದನ್ನು ಈಗಲೂ ಖಚಿತವಾಗಿ ಹೇಳಲಾರೆ.

ವರ್ಷ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದೆ, ನಾನೂ ಬಿಟ್ಟೆ. ಅವಳು ಮತ್ತೆ ತನಗೆ ಅನ್ನಿಸಿದ್ದನ್ನು ಹೇಳುವಂತಾಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಅದಕ್ಕೇ ಆ ಭಾನುವಾರ ಪೆನ್ನು, ನೋಟ್ ಪುಸ್ತಕ ಹಿಡಿದು, ಗಂಡ ಮಗಳ ಜೊತೆ ಶಾಮನೂರಿಗೆ ಹೋಗಿದ್ದೆ.

ಆ ಮನೆಯ ಯಜಮಾನರಿಗೆ ಟೈಲ್ಸ್ ಅಂಗಡಿ ಇದೆ. ಮೂರು ಪಠ್ಯಕ್ರಮಗಳ ಮಾದರಿ ಪುಸ್ತಕಗಳನ್ನು ಅವರು ಟೀಪಾಯಿಯ ಮೇಲೆ, ಗಿರಾಕಿಗೆ ಟೈಲ್ಸ್ ತೋರಿಸುವಂತೆ ಅಂಚಿಗೆ ಅಂಚು ಕೂಡಿಸಿ ಜೋಡಿಸಿ, ಕರವಸ್ತ್ರದಿಂದ ಒಂದೊಂದನ್ನೂ ಒರೆಸಿದರು.

“ಇದು ಫಾರಿನ್ ಮಾಲು. ಫಿನಿಶಿಂಗ್ ನೋಡ್ರಿ ಹೆಂಗೈತೆ,” ಎಂದರು.

ಫಿನಿಶಿಂಗ್ ನಿಜಕ್ಕೂ ಚೆನ್ನಾಗಿತ್ತು. ಒಳಗೆ ಮೊದಲ ಕಥೆಯ ಮೊದಲ ಚರ್ಚಾ ಪ್ರಶ್ನೆ: ನಿಮ್ಮ ಅಂಗಳದಲ್ಲಿ ವರ್ಷದ ಮೊದಲ ಹಿಮ ಬಿದ್ದ ಬೆಳಿಗ್ಗೆ ನಿಮಗೆ ಏನನ್ನಿಸಿತು? ಅದು ಏಪ್ರಿಲ್. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ಯಜಮಾನರ ಹೆಂಡತಿ ಮಾದರಿ ಪುಸ್ತಕವನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದರು. ಗುಂಪಿನಲ್ಲಿ ಒಂದು ದಂತವೈದ್ಯ ದಂಪತಿ ಇದ್ದರು. ರೋಗಿಯ ಬಾಯಲ್ಲಿ ಸಲಕರಣೆ ಇಟ್ಟು, ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿಕೊಂಡು ಅಭ್ಯಾಸವಾದವರು. ಮಕ್ಕಳಿಗೆ ಕಲ್ಪನೆ ಬೆಳೆಯಬೇಕಲ್ಲವೇ, ಬೆಳೆಯಬೇಕು ಎಂದರು ಹೆಂಡತಿ. ಫ್ರಿಜ್ಜಿನ ಮೇಲಿನ ಖಾನೆ ತೆಗೆದು ತೋರಿಸಿದರೆ ಸಾಕಾಗಬಹುದು ಎಂದರು ಗಂಡ.

ಎರಡನೆಯದರಲ್ಲಿ ಪ್ರತಿ ಕಥೆಯ ಕೊನೆಗೂ ಒಂದು ಚೌಕ, ಚೌಕದೊಳಗೆ ಕಥೆಯ ನೀತಿ ಅಚ್ಚಾಗಿತ್ತು. ಅದನ್ನು ಎಲ್ಲರೂ ಒಂದೇ ದನಿಯಲ್ಲಿ ತಿರಸ್ಕರಿಸಿದೆವು. ಉತ್ತರವನ್ನು ಮೊದಲೇ ಬರೆದಿಟ್ಟರೆ ಮಗು ಯೋಚಿಸುವುದೇನು ಬಂತು? ಈ ಮಾತು ನನ್ನದೇ. ಹೇಳುವಾಗ ಮೇಜು ತಟ್ಟಿದ್ದೂ ನೆನಪಿದೆ.

ಮೂರನೆಯದು ಬೆಂಗಳೂರಿನ ಒಂದು ಕಂಪನಿಯದು. ಅವರ ಕಡೆಯಿಂದ ಒಬ್ಬ ಹುಡುಗಿ ವಿಡಿಯೊ ಕಾಲಿನಲ್ಲಿ ಬಂದಳು. ನಮ್ಮಲ್ಲಿ ತಪ್ಪು ಉತ್ತರ ಅನ್ನೋದೇ ಇಲ್ಲ ಎಂದು ನಾಲ್ಕು ಸಲ ಹೇಳಿದಳು. ನಾಲ್ಕನೆಯ ಸಲಕ್ಕೆ ಯಜಮಾನರಿಗೆ ನಿಜವಾಗಿಯೂ ಆತಂಕವಾಯಿತು.

“ಮೇಡಂ, ಹಂಗಾದ್ರೆ ಸರಿ ಉತ್ತರ ಯಾವ್ದು ಅಂತ ನಮಗೆ ಹೆಂಗೆ ಗೊತ್ತಾಗ್ಬೇಕ್ರಿ?”

ಆಕೆಯ ನಗು ಇದ್ದಲ್ಲೇ ಉಳಿಯಿತು. ಪರದೆ ನಿಂತುಹೋಯಿತೇನೋ ಎಂದುಕೊಂಡೆವು. ಆಮೇಲೆ, ದೊಡ್ಡವರಿಗೆ ಬೇರೆ ಗೈಡು ಬರುತ್ತೆ ಸರ್, ಪ್ರತಿ ಪ್ರಶ್ನೆಗೂ ನಿರೀಕ್ಷಿತ ಉತ್ತರ ಇರುತ್ತೆ, ಕನ್ನಡದಲ್ಲೂ ಇದೆ ಎಂದಳು. ಹಾಲಿನಲ್ಲಿದ್ದ ಏಳೂ ಜನ ಒಟ್ಟಿಗೆ ಉಸಿರು ಬಿಟ್ಟೆವು. ಏಳರಲ್ಲಿ ನನ್ನದೂ ಒಂದು. ಉತ್ತರ ಚೌಕದಲ್ಲಿದ್ದರೆ ತಪ್ಪು, ಬೇರೆ ಪುಸ್ತಕದಲ್ಲಿದ್ದರೆ ಸರಿ ಎಂಬುದು ನಮಗೆ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಕಾಲು ಗಂಟೆ ಹಿಂದೆ ಮೇಜು ತಟ್ಟಿದವಳಿಗೂ.

ಏಳನೆಯವರು ಹರಿಹರದಿಂದ ಮಕ್ಕಳನ್ನು ಕರೆದುಕೊಂಡು ಒಬ್ಬರೇ ಬಂದಿದ್ದರು. ಅಲ್ಲಿ ಗಂಡ ಹೆಂಡತಿ ಸೇರಿ ಬಳೆ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ಅವರ ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲೇ ಓದುತ್ತಿದ್ದರು. ಆ ತಾಯಿ ಆಗ ಮೊದಲ ಸಲ ಮಾತಾಡಿದರು.

“ನಾನೊಂದ್ ಮಾತ್ ಹೇಳ್ಲಾ ಸರ್? ಲೈಬ್ರರಿಯಾಗೆ ಕಥೆ ಪುಸ್ತಕ ಬೇಕಾದಷ್ಟು ಅದಾವೆ. ತಂದು ಓದ್ಕೊಂಡು, ಮಕ್ಕಳ ಜೊತೆ ಕೂತು ಮಾತಾಡಿದ್ರೆ ಆಗಲ್ವಾ?”

“ಆಗ್ತತೆ ಮೇಡಂ, ಯಾಕಾಗಲ್ಲ. ಆದ್ರೆ ಅದು ಸಿಸ್ಟಮ್ ಅನ್ನಿಸ್ಕಣಲ್ಲ ನೋಡ್ರಿ,” ಎಂದರು ಯಜಮಾನರು.

ಲೈಬ್ರರಿಯ ಮಾತು ಕೇಳಿ ಆಕೆಯನ್ನು ಜ್ಞಾನಿಯೆಂದು ತಿಳಿಯಬೇಕಿಲ್ಲ. ಅತ್ತೆ ಮನೆಯವರಿಗೆ ತೋರಿಸಲು ಪಠ್ಯಕ್ರಮದ ಒಂದು ಒಳ್ಳೆಯ ಡಬ್ಬ ತನಗೂ ಬೇಕಿತ್ತು ಎಂದು ಆಮೇಲೆ ಅವರೇ ನನ್ನ ಹತ್ತಿರ ಒಪ್ಪಿಕೊಂಡರು.

ಕೈ ಎತ್ತಿ ಮತ ಹಾಕಿದೆವು. ಬೆಂಗಳೂರಿನದು ಗೆದ್ದಿತು. ಯಜಮಾನರು ಎದ್ದು ಒಳಕೋಣೆಗೆ ಹೋಗಿ, ಮಂಚದ ಮೇಲಿದ್ದ ಡಬ್ಬವನ್ನು ಎತ್ತಿಕೊಂಡು ಬಂದರು. ಅದೇ ಪಠ್ಯಕ್ರಮ. ಹತ್ತು ದಿನಗಳ ಹಿಂದೆಯೇ ತರಿಸಿದ್ದರಂತೆ. ನೀವೆಲ್ಲ ಇದನ್ನೇ ಒಪ್ತೀರಿ ಅಂತ ಗೊತ್ತಿತ್ತು ಬಿಡ್ರಿ ಎಂದು ನಕ್ಕರು. ನಾವೂ ನಕ್ಕೆವು. ಮಂಡಕ್ಕಿ ಬಂತು. ತಾರಸಿಯ ಬಾಗಿಲು ತೆಗೆದು ಮಕ್ಕಳನ್ನು ಕರೆದೆವು. ಬಿಸಿಲಿಗೆ ಆರೂ ಮುಖಗಳು ಕೆಂಪಾಗಿದ್ದವು.

ಒಂದು ಕಥೆಯನ್ನು ಪರೀಕ್ಷಾರ್ಥ ನಡೆಸಿ ನೋಡುವುದು, ಸರಿ ಕಂಡರೆ ಇಡೀ ವರ್ಷಕ್ಕೆ ಅದನ್ನೇ ಹಿಡಿಯುವುದು ಎಂದಾಯಿತು. ನಡೆಸುವ ಕೆಲಸ ನನಗೆ ಬಂತು, ಟೀಚರಾಗಿದ್ದವಳೆಂದು. ಜಾಗ, ಹರಿಹರದ ಬಳೆ ಅಂಗಡಿಯ ಮೇಲಿನ ಮನೆ. ಎರಡು ವಾರ ಸಮಯ.

ಡಬ್ಬ ನಮ್ಮ ಮನೆಗೆ ಬಂತು. ನಮ್ಮ ಜೊತೆಗಿರುವ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಮನ್ಯಾಗೆ ಮಾತಾಡಾಕೂ ಪುಸ್ತಕ ತರಿಸ್ಬೇಕೇನವಾ?” ಎಂದು ಕೇಳಿದರು. ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದುಕೊಂಡೆ.

ಮೊದಲ ಕಥೆ ಹೀಗಿತ್ತು. ಒಂದು ಹತ್ತಿ ಗಿರಣಿಯ ಊರು. ಗಿರಣಿಯ ಗೋಪುರದ ಗಡಿಯಾರಕ್ಕೆ ಒಬ್ಬ ಮುದುಕ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಾನೆ. ಆ ಗಡಿಯಾರ ನೋಡಿಯೇ ಸೈರನ್ ಊದುವುದು. ದೂರದಿಂದ ನಡೆದು ಬರುವ ಕೆಲಸಗಾರರು ಐದು ನಿಮಿಷ ತಡವಾದರೂ ಬಾಗಿಲ ಹೊರಗೇ ಉಳಿಯುತ್ತಾರೆ. ಅದನ್ನು ನೋಡಲಾರದೆ ಮುದುಕ ಕೀಲಿ ಕೊಡುವಾಗ ಮುಳ್ಳನ್ನು ಹತ್ತು ನಿಮಿಷ ಹಿಂದೆ ಇಟ್ಟುಬಿಡುತ್ತಾನೆ. ಆಮೇಲೆ ಯಾರಿಗೂ ತಡವಾಗುವುದಿಲ್ಲ. ಕೊನೆಗೆ ಸಿಕ್ಕಿಬೀಳುತ್ತಾನೆ, ಮಾಲೀಕ ಮನಕರಗಿ ಕ್ಷಮಿಸುತ್ತಾನೆ.

ಒಂಬತ್ತು ಪ್ರಶ್ನೆಗಳಿದ್ದವು. ಮೂರನೆಯದು, ಮುದುಕ ಮಾಡಿದ್ದು ಸರಿಯೇ? ಏಳನೆಯದು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಗೈಡಿನಲ್ಲಿ ಏಳನೆಯದಕ್ಕೂ ನಿರೀಕ್ಷಿತ ಉತ್ತರವಿತ್ತು. ನಾನಾಗಿದ್ದರೆ ಮಾಲೀಕರ ಬಳಿ ಹೋಗಿ ಕೆಲಸಗಾರರ ಕಷ್ಟವನ್ನು ವಿನಯದಿಂದ ತಿಳಿಸುತ್ತಿದ್ದೆ, ಎಂದು. ಅಂದರೆ, ನಾವು ಯಾರಾಗಿದ್ದರೂ ಅದನ್ನೇ ಮಾಡಬೇಕು. ಇದನ್ನು ಓದಿ ನಾನು ನಗಲಿಲ್ಲ. ಕನ್ನಡ ಸ್ವಲ್ಪ ಸಡಿಲವಾಗಿದೆ ಎನ್ನಿಸಿ, ನೋಟ್ ಪುಸ್ತಕದಲ್ಲಿ ಒಂಬತ್ತೂ ಉತ್ತರಗಳನ್ನು ತಿದ್ದಿ ಬರೆದೆ. ಅಂಶಗಳಾಗಿ ವಿಂಗಡಿಸಿದೆ. ಹನ್ನೊಂದು ವರ್ಷ ಕಲಿಸಿದ ಅಭ್ಯಾಸ, ಕೈ ತಾನಾಗಿಯೇ ಅಡಿಗೆರೆ ಎಳೆಯುತ್ತದೆ.

ಮೂರನೆಯ ದಿನ ಒಂದು ಭಯ ಹಿಡಿಯಿತು. ಹರಿಹರದಲ್ಲಿ ಎಲ್ಲರ ಮುಂದೆ ಇವಳು ಗೊತ್ತಿಲ್ಲ ಎಂದುಬಿಟ್ಟರೆ? ಮತ್ತೆ ಯಾರಾದರೂ ನಕ್ಕರೆ? ಮೂರು ಮತ್ತು ಏಳನೆಯ ಪ್ರಶ್ನೆಯ ಉತ್ತರಗಳನ್ನು ಒಂದು ಹಾಳೆಗೆ ಇಳಿಸಿ ಅವಳಿಗೆ ಕೊಟ್ಟೆ. ದಿನಕ್ಕೊಮ್ಮೆ ಹೇಳಿಸಿದೆ. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಯಾಕೆ ಎಂದು ಕೇಳಲಿಲ್ಲ.

ನನ್ನ ಗಂಡ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ತಯಾರಾದ ಬಿಡಿಭಾಗಗಳನ್ನು ಗೇಜು ಹಿಡಿದು ಅಳೆಯುವ ಕೆಲಸದಲ್ಲಿದ್ದಾರೆ. ಒಂದು ಸಂಜೆ ನಾನು ಹೇಳಿಸಿ ಮಗಳು ಒಪ್ಪಿಸುವುದನ್ನು ಬಾಗಿಲಲ್ಲಿ ನಿಂತು ಕೇಳಿದರು.

“ಇದು ಚರ್ಚೆ ಹೆಂಗಾಗ್ತತೆ?”

“ಬಾಯಿಪಾಠ ಅಲ್ಲ ಇದು. ಕೈಯಾಗೆ ಏನಾದ್ರೂ ಇರ್ಲಿ ಅಂತ ಕೊಟ್ಟೀನಿ,” ಎಂದೆ.

“ಪೀಸ್ ಅಳತೆಗೆ ತಕ್ಕಂಗೆ ಗೇಜನ್ನೇ ಮಾಡ್ಕಂಡ್ರೆ ಎಲ್ಲಾ ಪೀಸೂ ಪಾಸೇ,” ಎಂದು ಬೂಟು ಬಿಚ್ಚಲು ಕೂತರು.

ಅವರು ದಿನಾ ಬರುವುದು ಹೀಗೆಯೇ, ತಡವಾಗಿ. ಮಗಳು ಗೇಟಿನ ಕಂಬಕ್ಕೆ ಒರಗಿ ಕಾಯುತ್ತಾಳೆ. ಆಗ ಇದನ್ನು ಬರೆದುಕೊಳ್ಳುವಂಥ ವಿಷಯವೆಂದು ನನಗೆ ಅನ್ನಿಸಿರಲಿಲ್ಲ.

ನಿಗದಿಯಾದ ಭಾನುವಾರ ಮಧ್ಯಾಹ್ನ ಮೂವರೂ ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ದಾರಿಯುದ್ದಕ್ಕೂ ಮಗಳ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಕಂಡಕ್ಟರು, ಏನಮ್ಮಾ ಮಂತ್ರ ಹೇಳ್ತೀಯಾ ಎಂದು ಕೇಳಿ ಟಿಕೆಟು ಹರಿದುಕೊಟ್ಟರು.

ಬಳೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಮನೆ. ಜಮಖಾನದ ಮೇಲೆ ಆರು ಮಕ್ಕಳನ್ನು ದುಂಡಗೆ ಕೂಡಿಸಿದೆವು. ದೊಡ್ಡವರು ಹಿಂದೆ ಗೋಡೆಗೆ ಒರಗಿ ಕೂತರು. ನೋಡುತ್ತೇನೆ, ಯಜಮಾನ ದಂಪತಿಯ ಮತ್ತು ವೈದ್ಯ ದಂಪತಿಯ ತೊಡೆಯ ಮೇಲೆ ಗೈಡಿನ ಜೆರಾಕ್ಸ್ ಇತ್ತು. ಡಬ್ಬ ನನಗೆ ಕೊಡುವ ಮೊದಲೇ ಮಾಡಿಸಿಕೊಂಡಿದ್ದರಂತೆ. ಹಾಗಾಗಿ ನಾನೊಬ್ಬಳೇ ಹೇಳಿಕೊಟ್ಟವಳಲ್ಲ. ಇದು ಗೊತ್ತಾದಾಗ ಮೊದಲು ಆದದ್ದು ಸಮಾಧಾನ. ಅದನ್ನು ಮುಚ್ಚಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ.

ಮೊದಲ ಪ್ರಶ್ನೆಯನ್ನು ನಾನು ಓದಿ ಮುಗಿಸುವ ಮೊದಲೇ ಯಜಮಾನರ ಮಗ ಉತ್ತರ ಹೇಳಿ ಮುಗಿಸಿದ. ಎರಡನೆಯದನ್ನು ವೈದ್ಯರ ಮಗ ಹೇಳಿದ. ನಡುವೆ ಒಂದು ಪದ ತಪ್ಪಿದಾಗ ಗೋಡೆಯ ಕಡೆಯಿಂದ ಅವನ ತಾಯಿ ಅದನ್ನು ಸರಿಪಡಿಸಿದರು. ಜೆರಾಕ್ಸ್ ಹಿಡಿದವರ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಹರಿಹರದ ಆ ತಾಯಿ ಮಾತ್ರ ಚಹಾ ಮಾಡಲು ಒಳಗೆ ಹೋಗಿದ್ದರು. ಅವರ ಇಬ್ಬರು ಹುಡುಗಿಯರಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವರು ಉಳಿದವರನ್ನು ನೋಡುತ್ತ, ಈ ಆಟದ ನಿಯಮ ಏನಿರಬಹುದು ಎಂದು ತಿಳಿಯಲು ಪ್ರಯತ್ನಿಸುತ್ತಿದ್ದರು.

ಮೂರನೆಯದನ್ನು ನನ್ನ ಮಗಳನ್ನು ಕೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

“ನಿಯಮಕ್ಕಿಂತ ದಯೆ ದೊಡ್ಡದು. ಆದರೂ ಸತ್ಯವನ್ನು ಮರೆಯಬಾರದು. ಆದ್ದರಿಂದ ಮುದುಕನ ಉದ್ದೇಶ ಸರಿ, ಮಾರ್ಗ ಮಾತ್ರ ಸರಿಯಲ್ಲ.”

ಎಂಟು ತಿಂಗಳಲ್ಲಿ ಹೊರಗಿನವರ ಮುಂದೆ ಅವಳ ಮೊದಲ ಮಾತು. ಗೋಡೆಯ ಕಡೆಯಿಂದ ಚಪ್ಪಾಳೆ ಬಂತು. ನನ್ನ ಗಂಡ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ನಾನೂ ಅಳಬೇಕಿತ್ತು. ಆದರೆ ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ನನ್ನ ಬಲಗೈಯ ಮೇಲಿತ್ತು. ಕೈಯಲ್ಲಿ ಪೆನ್ನಿತ್ತು. ಮಾತು ಮುಗಿದ ಮೇಲೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ನನಗೆ ಅರಿವಿಲ್ಲದೆಯೇ ನೋಟ್ ಪುಸ್ತಕದಲ್ಲಿ ಮೂರನೆಯ ಉತ್ತರದ ಎದುರು ಸರಿ ಗುರುತು ಹಾಕಿದೆ. ಆಗ ಅವಳು ಉಸಿರು ಬಿಟ್ಟಳು.

ನಾನು ಎಷ್ಟು ಮಕ್ಕಳಿಗೆ ಎಷ್ಟು ವರ್ಷ ಸರಿ ಗುರುತು ಹಾಕಿದ್ದೇನೆ. ಅದನ್ನು ಹೀಗೆ ಕಾಯುವ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಮುಂದಿನ ಪ್ರಶ್ನೆ ಓದಲು ಹೋಗಿ ಮೂರನೆಯದನ್ನೇ ಮತ್ತೆ ಓದಿದೆ. ಯಾರೋ ನೀರು ಕೊಟ್ಟರು.

ಏಳನೆಯದಕ್ಕೆ ಬರುವಾಗ ಒಂದು ಅನಾಹುತವಾಯಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನು ಎಲ್ಲರನ್ನೂ ಕೇಳಬೇಕಿತ್ತು. ಯಜಮಾನರ ಮಗ ಮಾಲೀಕರ ಬಳಿ ಹೋಗಿ ವಿನಯದಿಂದ ತಿಳಿಸಿದ. ಅವನ ತಂಗಿಯೂ ಹೋಗಿ ವಿನಯದಿಂದ ತಿಳಿಸಿದಳು. ವೈದ್ಯರ ಮಗನೂ ಅದನ್ನೇ ಮಾಡಿದ. ಮೂವರ ವಾಕ್ಯದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇರಲಿಲ್ಲ. ಮಾಲೀಕನ ಬಾಗಿಲಲ್ಲಿ ಸಾಲು ಹಚ್ಚಿದಂತಾಯಿತು. ಆಮೇಲೆ ನನ್ನ ಮಗಳ ಸರದಿ. ಅವಳ ಕೈಯಲ್ಲಿದ್ದ ಉತ್ತರವನ್ನು ಮೂರು ಜನ ಆಗಲೇ ಖರ್ಚು ಮಾಡಿದ್ದರು.

“ಗೊತ್ತಿಲ್ಲ,” ಎಂದಳು.

ಆವಾಗ ಎಷ್ಟ್ ಚೆನ್ನಾಗಿ ಹೇಳಿದೆಯಲ್ಲ ಪುಟ್ಟಿ, ಹೇಳು ಹೇಳು ಎಂದರು ಗೋಡೆಯವರು. ನಾನು ಮುಂದೆ ಬಾಗಿ, ತಗ್ಗಿದ ದನಿಯಲ್ಲಿ, “ನಾನಾಗಿದ್ದರೆ...” ಎಂದು ಎತ್ತಿಕೊಟ್ಟೆ. ನಾಟಕದಲ್ಲಿ ಪರದೆಯ ಹಿಂದಿನಿಂದ ಎತ್ತಿಕೊಡುವ ಹಾಗೆ. ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ನೋವೂ ಕಾಣಲಿಲ್ಲ. ಗುರುತು ಹಿಡಿದ ನೋಟ ಅದು. ಸ್ಟಾಫ್ ರೂಮಿನ ಮೇಜಿನ ಮುಂದೆ ಕೂತು, ಕೊಡೋದು ಬೇಡ ಎಂದವಳನ್ನು ಅವಳು ಆಗ ನೋಡಿದಳೆಂದು ನನಗೆ ಅನ್ನಿಸಿತು. ಬಾಯಿ ಮುಚ್ಚಿಕೊಂಡಳು. ಆಮೇಲಿನ ಎರಡು ಪ್ರಶ್ನೆಗಳನ್ನು ಉಳಿದವರೇ ಮುಗಿಸಿದರು.

ಚಹಾ ಬಂತು. ಮಿರ್ಚಿ ಬಂತು. ಪ್ರಯೋಗ ಯಶಸ್ವಿ ಎಂದು ದೊಡ್ಡವರು ಮಾತಾಡತೊಡಗಿದರು. ಮಗಳು ಕಾಣಲಿಲ್ಲ. ಹುಡುಕಿಕೊಂಡು ಮೆಟ್ಟಿಲು ಇಳಿದೆ. ಮೇಲಿನಿಂದ ನಾಲ್ಕನೆಯ ಮೆಟ್ಟಿಲಲ್ಲಿ ನಿಂತೆ, ಕೆಳಗೆ ಅಂಗಡಿಯಲ್ಲಿ ಅವಳ ದನಿ ಕೇಳಿಸಿತು, ಬಗ್ಗಿದರೆ ಕಾಣಿಸುತ್ತಲೂ ಇದ್ದಳು.

ಹರಿಹರದ ಆ ತಾಯಿ ಯಾರಿಗೋ ಬಳೆ ಕೊಡಲು ಕೆಳಗೆ ಹೋದವರು, ಗಿರಾಕಿ ಹೋದ ಮೇಲೆ ಡಬ್ಬಿಗಳನ್ನು ಮತ್ತೆ ಜೋಡಿಸುತ್ತಿದ್ದರು. ನನ್ನ ಮಗಳು ಒಂದೊಂದು ಡಬ್ಬಿ ಎತ್ತಿಕೊಡುತ್ತಿದ್ದಳು.

“ಏನ್ ಕಥೆ ಬೇಟಾ ಅದು? ಚಾ ಮಾಡಾದ್ರಾಗೆ ನಂಗೆ ಏನೂ ಕೇಳಿಸ್ಲೇ ಇಲ್ಲ.”

ಮಗಳು ಆಕೆಯ ಕೈಗಳನ್ನು ನೋಡಿದಳು. ಆಕೆಯ ಎರಡೂ ಕೈಯಲ್ಲಿ ಬಳೆಗಳಿದ್ದವು, ಬೇರೇನೂ ಇರಲಿಲ್ಲ. ಆಮೇಲೆ ಕಥೆ ಹೇಳಿದಳು, ನಡುವೆ ಒಂದೆರಡು ಕಡೆ ಹಿಂದಕ್ಕೆ ಹೋಗಿ ಸರಿಮಾಡಿಕೊಂಡು.

“ಪಾಪ, ಒಳ್ಳೆ ಮನುಷ್ಯ,” ಎಂದರು ಆಕೆ.

“ಆದ್ರೆ ಆಂಟಿ, ಬೆಳಿಗ್ಗೆ ಹತ್ ನಿಮಿಷ ಹಿಂದೆ ಇಟ್ರೆ ಸಂಜೆನೂ ಹತ್ ನಿಮಿಷ ಲೇಟಾಗೇ ಬಿಡ್ತಾರಲ್ಲ. ಅದೇ ಗಡಿಯಾರ ಅಲ್ವಾ? ಮನೇಲಿ ಕಾಯೋರಿಗೆ ಯಾರೂ ಹೇಳಿರಲ್ಲ.”

ಬಳೆಗಳ ಸದ್ದು ನಿಂತಿತು.

“ಅರೆ, ಹೌದಲ್ಲಾ. ಮತ್ತೆ ಸಂಜಿಕೆ ಮುಂದಕ್ಕೆ ತಿರುಗ್ಸಿ ಇಡ್ಬೋದಿತ್ತಲ್ಲ ಅವ್ನು? ಯಾಕ ಇಡ್ಲಿಲ್ಲ?”

“ಸಂಜೆ ಅವನ ಡ್ಯೂಟಿ ಮುಗ್ದಿರುತ್ತೆ ಆಂಟಿ.”

ಆಕೆ ನಗತೊಡಗಿದರು. ಮಗಳೂ ನಕ್ಕಳು. ಎರಡು ವಾರ ಆ ಕಥೆಯನ್ನು ಓದಿ ಒಂಬತ್ತು ಉತ್ತರ ತಿದ್ದಿದವಳು ನಾನು. ಬೆಂಗಳೂರಿನಲ್ಲಿ ಕೂತು ಗೈಡು ಬರೆದವರು ಎಷ್ಟು ಜನವೋ ಗೊತ್ತಿಲ್ಲ. ಸಂಜೆಯ ಹತ್ತು ನಿಮಿಷ ಯಾರಿಗೂ ಹೊಳೆದಿರಲಿಲ್ಲ. ಗೇಟಿನ ಕಂಬಕ್ಕೆ ಒರಗಿ ನಿಲ್ಲುವವಳಿಗೆ ಮಾತ್ರ ಅದು ಕಂಡಿತ್ತು. ಬಹುಶಃ ಮೊದಲ ದಿನವೇ ಕಂಡಿರಬೇಕು, ನಾನು ಹಾಳೆ ಕೊಡುವ ಮೊದಲೇ. ಆಕೆಗೆ ಹೇಳಿದಳು, ಯಾಕೆಂದರೆ ಆಕೆಗೆ ಕಥೆ ನಿಜವಾಗಿ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ನಾನು ಅವಳನ್ನು ಎಂದಾದರೂ ಕೇಳಿದ್ದೆನೇ ಎಂದು ಆ ಮೆಟ್ಟಿಲ ಮೇಲೆ ನಿಂತು ಬಹಳ ಯೋಚಿಸಿದೆ. ಚಪ್ಪಲಿ ಎಲ್ಲಿ ಬಿಟ್ಟೆ ಎಂಬುದನ್ನು ಬಿಟ್ಟರೆ ಬೇರೆ ನೆನಪಾಗಲಿಲ್ಲ.

ಕೆಳಗೆ ಇಳಿಯಲಿಲ್ಲ. ಇಳಿದಿದ್ದರೆ ಶಭಾಷ್ ಎನ್ನುತ್ತಿದ್ದೆ. ಮೇಲಕ್ಕೆ ಹೋದೆ.

ಮೇಲೆ ಯಜಮಾನರು ನನ್ನನ್ನೇ ಕಾಯುತ್ತಿದ್ದರು. ವರ್ಷದ ಎಲ್ಲ ಕಥೆಗಳಿಗೂ ಕನ್ನಡದ ಉತ್ತರಗಳನ್ನು ನಾನು ತಿದ್ದಿ ಬರೆದುಕೊಡಬೇಕು ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ನಿಮ್ಮ ಮಗಳ ಉತ್ತರ ಗ್ರಾನೈಟ್ ಇದ್ದಂಗಿತ್ತು ಮೇಡಂ ಎಂದರು. ಆಗಲ್ಲ ಎಂದೆ. ಗೈಡನ್ನು ಡಬ್ಬದಲ್ಲೇ ಇಟ್ಟು ಟೇಪು ಸುತ್ತಿಬಿಡೋಣ, ಮುಂದಿನ ಕಥೆಯನ್ನು ದೊಡ್ಡವರು ಯಾರೂ ಓದದೆ ಬರೋಣ ಎಂದೆ. ಅವರಿಗೆ ಇದು ತಮಾಷೆಯಂತೆ ಕೇಳಿಸಿತು. ಆಮೇಲೆ ಅಹಂಕಾರದಂತೆ ಕೇಳಿಸಿತು.

“ಟೀಚರಾಗಿದ್ದೋರು ನೀವೇ ಹಿಂಗಂದ್ರೆ ಹೆಂಗ್ರಿ? ಓದ್ದೇ ಹೋದ್ರೆ ಮಕ್ಕಳ ಮುಂದೆ ನಮ್ ಮರ್ಯಾದೆ ಏನಾಗ್ಬೇಕು?”

ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಇಡೀ ಪಠ್ಯಕ್ರಮ ನಿಂತದ್ದು ಅದರ ಮೇಲೆಯೇ. ಮತ್ತೆ ಕೈ ಎತ್ತಿದರು. ನಾಲ್ಕಕ್ಕೆ ಮೂರು. ಮೂರರಲ್ಲಿ ಒಂದು ನನ್ನದು, ಒಂದು ನನ್ನ ಗಂಡನದು. ಇನ್ನೊಂದು ಕೆಳಗಿನಿಂದ ಆಗಷ್ಟೇ ಬಂದು, ಯಾವುದಕ್ಕೆ ಎಂದು ಕೇಳಿಕೊಂಡು, ನಕ್ಕು ಕೈ ಎತ್ತಿದ ಹರಿಹರದವರದು. ಡಬ್ಬ ಶಾಮನೂರಿಗೆ ವಾಪಸಾಯಿತು. ಚರ್ಚೆಗಳು ಅಲ್ಲಿ ಈಗಲೂ ಬಹಳ ಶಿಸ್ತಿನಿಂದ ನಡೆಯುತ್ತಿವೆ ಎಂದು ಕೇಳಿದ್ದೇನೆ. ನಾವು ಹದಿನೈದು ದಿನಕ್ಕೊಮ್ಮೆ ಬಳೆ ಅಂಗಡಿಯ ಮೇಲೆ ಸೇರುತ್ತೇವೆ. ಲೈಬ್ರರಿಯ ಪುಸ್ತಕ, ಮೂರು ಹುಡುಗಿಯರು. ನನ್ನ ಮಗಳು ಒಂದು ದಿನ ಮಾತಾಡುತ್ತಾಳೆ, ಎರಡು ದಿನ ಆಡುವುದಿಲ್ಲ. ನಾನು ಪೆನ್ನು ಒಯ್ಯುವುದಿಲ್ಲ. ಮೊದಮೊದಲು ಅವಳು ನನ್ನ ಚೀಲದ ಕಡೆ ನೋಡುತ್ತಿದ್ದಳು.

ಆದರೆ ಹೇಳಬೇಕೆಂದಿದ್ದದ್ದು ಆ ಭಾನುವಾರದ ಮರುದಿನದ್ದು. ಬೆಳಿಗ್ಗೆ ಅಡುಗೆಮನೆಗೆ ಬಂದಳು. ಹಿಂದಿನ ಸಂಜೆಯಿಡೀ ನಾನು ಹೊಸಬಳಾಗುವ ನಿರ್ಧಾರ ಮಾಡಿದ್ದೆ. ಇನ್ನು ಮೇಲೆ ನಿಜವಾದ ಪ್ರಶ್ನೆಗಳನ್ನೇ ಕೇಳಬೇಕು, ಅವಳ ಉತ್ತರಕ್ಕೆ ಕಾಯಬೇಕು. ಅವಳ ಕಡೆ ಪೂರ್ತಿ ತಿರುಗಿ, ದೋಸೆ ಬೇಕಾ, ಇಡ್ಲಿ ಬೇಕಾ ಎಂದು ಕೇಳಿದೆ.

ಗೊತ್ತಿಲ್ಲ ಎಂದಳು.

ನಾನು ಕಾದೆ. ಅವಳು ಒಲೆಯ ಕಡೆ ನೋಡಿದಳು. ದೋಸೆಯ ಹಂಚು ಕಾದು ಸಣ್ಣಗೆ ಹೊಗೆಯಾಡುತ್ತಿತ್ತು.

“ಹಂಚು ಇಟ್ಟಾದ್ ಮೇಲೆ ಕೇಳ್ತೀಯಲ್ಲಮ್ಮ,” ಎಂದಳು.

ಒಲೆ ಆರಿಸಿದೆ. ಹಂಚು ತಣ್ಣಗಾಗುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು. ಆಮೇಲೆ ಅವಳು ಉಪ್ಪಿಟ್ಟು ಎಂದಳು.